ಬಿ-404ರ ಮಂಜುನಾಥ

ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿನ ಗೇಟಿನ ಬಳಿ ನಿಂತರೂ ಈತ ಸಿಗುತ್ತಾನೆ. ಹೆಸರು ಎಚ್.ಎಸ್. ಮಂಜುನಾಥ ಎಂದಿಟ್ಟುಕೊಳ್ಳಿ. ಅವ್ವನಿಗೆ ಮಂಜ, ಊರಿನ ಕಿರಿಯರಿಗೆ ಮಂಜಣ್ಣ, ಆಫೀಸಿನಲ್ಲಿ ಮಂಜು, ಅಮೆರಿಕದ ಬಾಸಿನ ಬಾಯಲ್ಲಿ ‘ಮ್ಯಾಂಜ್’, ಸೆಕ್ಯೂರಿಟಿಯವರ ರಿಜಿಸ್ಟರಿನಲ್ಲಿ ಬಿ-404, ಊಟ ತರುವ ಹುಡುಗನಿಗೆ ಬರೀ ನಾಲ್ಕಂಕಿಯ ಓಟಿಪಿ. ಲಿಂಕ್ಡ್‌ಇನ್‌ನಲ್ಲಿ ಆತ ‘ಥಾಟ್ ಲೀಡರ್’. ಮನೆಯಲ್ಲಿ ನಾಳೆ ಬೆಳಗಿನ ತಿಂಡಿ ಯಾವುದೆಂಬ ವಿಚಾರದಲ್ಲೂ ಆ ನಾಯಕತ್ವ ನಡೆದದ್ದಿಲ್ಲ. ವಾಟ್ಸ್ಆ್ಯಪ್ ಡಿಪಿಯಂತೂ ಒಂಟಿಕೊಪ್ಪಲ್ ಪಂಚಾಂಗಕ್ಕಿಂತ ಕರಾರುವಾಕ್ಕು: ವರಮಹಾಲಕ್ಷ್ಮಿ ಹಬ್ಬಕ್ಕೆ ರೇಷ್ಮೆ ಪಂಚೆ, ನವೆಂಬರ್ 1ಕ್ಕೆ ಹಳದಿ-ಕೆಂಪು ಬಾವುಟ, ಐಪಿಎಲ್ ಬಂತೆಂದರೆ ಆರ್‌ಸಿಬಿ ಜೆರ್ಸಿ. ನವೆಂಬರ್ 2ರಂದು ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ನೀರಿನ ಟ್ಯಾಂಕರಿನ ಜಗಳ ಮತ್ತೆ ಇಂಗ್ಲಿಷಿನಲ್ಲೇ.

ಇವನನ್ನು ಊಸರವಳ್ಳಿ ಎನ್ನುವವರಿದ್ದಾರೆ. ಆಧುನಿಕ ಬದುಕು ಮನುಷ್ಯನ ಅಸ್ಮಿತೆಯನ್ನೇ ಚೂರುಚೂರು ಮಾಡಿತೆಂದು ವಿಚಾರಸಂಕಿರಣ ನಡೆಸುವವರೂ ಇದ್ದಾರೆ. ಆ ದೂರಿನಲ್ಲಿ ನನಗೆ ಹುರುಳು ಕಾಣುವುದಿಲ್ಲ. ಇವನ ಅಜ್ಜನೂ ಶಾನುಭೋಗರ ಮುಂದೆ ಹೆಗಲ ಟವೆಲನ್ನು ಕಂಕುಳಿಗಿಳಿಸಿ ಒಂದು ದನಿಯಲ್ಲಿ, ಸೊಸೆಯರೆದುರು ಇನ್ನೊಂದು ದನಿಯಲ್ಲಿ ಮಾತಾಡುತ್ತಿದ್ದವನೇ. ದನದ ಜಾತ್ರೆಯಲ್ಲಂತೂ ಅದೇ ಟವೆಲಿನಡಿ ದಲ್ಲಾಳಿಯ ಬೆರಳು ಹಿಡಿದು ದನಿಯೇ ಇಲ್ಲದೆ ವ್ಯಾಪಾರ ಮುಗಿಸುತ್ತಿದ್ದ. ಆದರೆ ಈ ಅವತಾರಗಳನ್ನೆಲ್ಲ ನೋಡುತ್ತಿದ್ದವರು ಒಂದೇ ಸೀಮೆಯ ಜನ, ಹಾಗಾಗಿ ಮುಚ್ಚಿಡುವ ಶ್ರಮವಿರಲಿಲ್ಲ. ಮೊಮ್ಮಗನ ಪ್ರೇಕ್ಷಕರು ದೇಶಾಂತರಗಳಲ್ಲಿ ಚದುರಿದ್ದು, ಅವನ ಫೋನಿನೊಳಗೆ ಮಾತ್ರ ಒಂದೇ ಸಾಲಿನಲ್ಲಿ ಕೂತಿದ್ದಾರೆ. ಗೋವಾದ ಬೀಚಿನಿಂದ ಸ್ಟೇಟಸ್ ಹಾಕುವ ಮುನ್ನ, ಅಳಿಯನಿಗೆ ಜ್ವರವೆಂದು ನಂಬಿರುವ ಅತ್ತೆಯನ್ನೂ, ಅತ್ತೆಗೆ ಜ್ವರವೆಂದು ನಂಬಿರುವ ಮ್ಯಾನೇಜರನ್ನೂ ಹುಡುಕಿ ಹುಡುಕಿ ಪಟ್ಟಿಯಿಂದ ತೆಗೆಯಬೇಕು. ಅಜ್ಜನಿಗೆ ಈ ಗುಮಾಸ್ತಿಕೆ ಇರಲಿಲ್ಲ.

‘ಅದೆಲ್ಲ ಇರಲಿ, ಇವರಲ್ಲಿ ಅಸಲಿ ಮಂಜುನಾಥ ಯಾರು?’ ಎಂದು ಕೇಳಬಹುದು. ರಾಯಸಂ ಭೀಮಸೇನರಾಯರು ಬೀಚಿಯಾದಾಗ, ಮಾಸ್ತಿ ‘ಶ್ರೀನಿವಾಸ’ರಾದಾಗ, ಬೇಂದ್ರೆ ‘ಅಂಬಿಕಾತನಯದತ್ತ’ರಾದಾಗ ಕನ್ನಡಿಗರು ಯಾರೂ ಅಸಲಿ-ನಕಲಿಯ ಲೆಕ್ಕ ಕೇಳಲಿಲ್ಲವಲ್ಲ. ಅವರು ತಾವೇ ಆರಿಸಿಕೊಂಡದ್ದು, ಇವನಿಗೆ ಕರೆದವರು ಅಂಟಿಸಿದ್ದು ಎಂಬ ಆಕ್ಷೇಪವನ್ನು ಮಾತ್ರ ಒಪ್ಪಲೇಬೇಕು. ‘ಮ್ಯಾಂಜ್’ ಎಂದ ಮೊದಲ ಸಲವೇ ತಿದ್ದಬಹುದಿತ್ತು. ಅಪ್ರೈಸಲ್ ಹತ್ತಿರವಿದೆಯೆಂದು ಸುಮ್ಮನಾದ. ಅದು ಯಾವತ್ತೂ ಹತ್ತಿರವೇ ಇರುತ್ತದೆ.

ಹಾಗೆ ನೋಡಿದರೆ ಅವನ ಪೇಚಾಟ ಬದಲಾಗುವುದರಿಂದ ಬಂದದ್ದೇ ಅಲ್ಲ. ಬದಲಾಗದ ಒಬ್ಬ ಮಂಜುನಾಥನನ್ನು ತಂದು ನಿಲ್ಲಿಸು ಎನ್ನುವ ಕಾಗದಪತ್ರಗಳಿಂದ ಬಂದದ್ದು. ಸಾಲ ಕೊಡುವ ಬ್ಯಾಂಕಿಗೆ ಮರಳಿ ಕಟ್ಟುವವನು ಒಬ್ಬನೇ ಇರಬೇಕು, ನಿಜ. ಆದರೆ ಆ ಒಬ್ಬನನ್ನು ಸೃಷ್ಟಿಸಿದವರು ಯಾರು? ಪ್ರೈಮರಿ ಶಾಲೆಯ ಹೆಡ್‌ಮಾಸ್ತರು. ‘ದೊಡ್ಡ ಮಳೆ ಹುಯ್ದ ವರ್ಷ ಹುಟ್ಟಿದ್ದು ಸ್ವಾಮಿ’ ಎಂದು ಅಪ್ಪ ಹೇಳಿದ್ದಕ್ಕೆ ಅವರು ಜೂನ್ 1 ಎಂದು ಬರೆದುಕೊಂಡರು. ಅವತ್ತು ಅರ್ಧ ಕರ್ನಾಟಕದ ಹುಟ್ಟುಹಬ್ಬ. ಹೆಸರಿನ ಇಂಗ್ಲಿಷ್ ಕೊನೆಗೆ ಒಂದು ‘ಎ’ ಕೂಡ ದಯಪಾಲಿಸಿದರು. ಎರಡೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಹತ್ತಿ ಶಾಸನವಾದವು. ಪ್ಯಾನ್ ಕಾರ್ಡಿನವರು ಇನಿಷಿಯಲ್ ನಡೆಯದು, ಬಿಡಿಸಿ ಬರೆಯಿರಿ ಎಂದಾಗ ಊರೂ ಅಪ್ಪನೂ ಹೆಸರಿನೊಳಗೆ ಬಂದು ಕೂತರು. ಪಾಸ್‌ಪೋರ್ಟು ಸರ್‌ನೇಮ್ ಕೇಳಿತು; ಊರಿಗೇ ಆ ಪಟ್ಟ ಕಟ್ಟಿದ. ಈಗ ಅಮೆರಿಕದ ವಿಮಾನ ನಿಲ್ದಾಣದಲ್ಲಿ ‘ಮಿಸ್ಟರ್ ಹೊಳೆನರಸೀಪುರ’ ಎಂದು ಕೂಗಿದರೆ ಒಂದಿಡೀ ತಾಲ್ಲೂಕಿನ ಪರವಾಗಿ ಇವನು ಎದ್ದು ನಿಲ್ಲಬೇಕು. ಆದರೂ ಇವನದು ವಾಸಿ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರ ಅಮೆರಿಕ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’ ಎಂದು ಅಚ್ಚಾಗುತ್ತದೆ, ಅಂದರೆ ಹೆಸರು ಗೊತ್ತಿಲ್ಲದವನು.

2023ರಲ್ಲಿ ಆಧಾರ್ ಮತ್ತು ಪ್ಯಾನ್ ಜೋಡಿಸಲು 1000 ರೂಪಾಯಿ ದಂಡ ತೆರುವ ಹೊತ್ತಿಗೆ, ಮೇಷ್ಟರ ಆ ‘ಎ’ ಒಂದರಲ್ಲಿದ್ದು ಇನ್ನೊಂದರಲ್ಲಿಲ್ಲ ಎಂಬುದು ಬಯಲಾಯಿತು. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನಕ್ಕೆ 2 ಅವಕಾಶ. ಒಂದು, ಆ ‘ಎ’ ತೆಗೆಸಲು ಖರ್ಚಾಯಿತು. ಈಗ ಸಂಖ್ಯಾಶಾಸ್ತ್ರದವರು ಪ್ರಮೋಷನ್ ತಡೆದಿರುವುದೇ ‘ಎ’ ಇಲ್ಲದಿರುವುದು ಎನ್ನುತ್ತಿದ್ದಾರೆ. ಇನ್ನೊಂದು ಅವಕಾಶ ಹಾಗೇ ಉಳಿದಿದೆ. ಅತ್ತೆಯವರ ಅಧ್ಯಕ್ಷತೆಯಲ್ಲಿ ಮಾತುಕತೆ ನಡೆದಿದೆ.