ಶೀಲಪರೀಕ್ಷಕ ಮತದಾರ

ರಾಜಕಾರಣಿಯ ಆಡಳಿತಕ್ಕಿಂತ ಅಂತಃಪುರದ ವಿಷಯದಲ್ಲೇ ಹೆಚ್ಚು ತಿಳಿವಳಿಕೆ ಇರುವ ಪ್ರಜೆಯನ್ನು ಶೀಲಪರೀಕ್ಷಕ ಮತದಾರ ಎನ್ನಬಹುದು. ಕರ್ನಾಟಕದಲ್ಲಿ ಇವನಿಲ್ಲದ ತಾಲ್ಲೂಕಿಲ್ಲ. ಅರಳಿಕಟ್ಟೆ, ಕ್ಷೌರದಂಗಡಿ, ಬೈಟು ಕಾಫಿಯ ಹೋಟೆಲು, ಪಾರ್ಕಿನ ಕಲ್ಲುಬೆಂಚು ಇವನ ನೆಲೆಗಳು. ಪಿಂಚಣಿ, ಸಕ್ಕರೆ ಕಾಯಿಲೆ, ನ್ಯೂಸ್ ಚಾನೆಲ್ ಮೂರೂ ಒಟ್ಟಿಗೆ ಅಂಟಿಕೊಳ್ಳುವ ವಯಸ್ಸಿನಲ್ಲಿ ಇವನ ಪ್ರತಿಭೆ ಪೂರ್ತಿ ಅರಳುತ್ತದೆ. ಯಾವ ಶಾಸಕರ ಎರಡನೇ ಸಂಸಾರ ಎಷ್ಟನೇ ಕ್ರಾಸಿನಲ್ಲಿದೆ ಎಂಬುದು ಬಾಯಿಪಾಠ. ಅದೇ ಶಾಸಕರ ಅನುದಾನದಲ್ಲಿ ತನ್ನ ಬೀದಿಯ ಚರಂಡಿಗೆ ಎಷ್ಟು ಬಂತೆಂದು ಕೇಳಿದರೆ, "ಅವೆಲ್ಲ ದೊಡ್ಡೋರ ವ್ಯವಹಾರ, ನಮಗ್ಯಾಕೆ ಸ್ವಾಮಿ" ಎನ್ನುತ್ತಾನೆ.

ಇವರಲ್ಲಿ ಬಗೆಗಳುಂಟು. "ಅಸಹ್ಯ, ಯಾರೂ ನೋಡಬೇಡಿ" ಎಂದು ಬರೆದು ವಿಡಿಯೋ ಫಾರ್ವರ್ಡ್ ಮಾಡುವವರು ನಿರುಪದ್ರವಿಗಳು. ಫೋನ್ ಬದಿಗಿಟ್ಟರೆ ತೀರಿತು. ಮುಂಗೈ ಹಿಡಿದು ನಿಲ್ಲಿಸುವವರಿಂದ ಮಾತ್ರ ಬಿಡುಗಡೆಯಿಲ್ಲ. ಇಂಥವರಿಗೆ ಮೈಸೂರಿನ ಒಂದು ಪಾರ್ಕಿನ ನಿವೃತ್ತ ಶಿರಸ್ತೇದಾರರು ಉತ್ತಮ ಮಾದರಿ. ಈ ಲೇಖನ ಬರೆದವರ ಮುಂಗೈಗೆ ಆ ಹಿಡಿತ ಚೆನ್ನಾಗಿ ಪರಿಚಿತ.

ಶಿರಸ್ತೇದಾರರ ಸುವರ್ಣಯುಗ 2021ರ ಮಾರ್ಚ್. ಲೈಂಗಿಕ ಆರೋಪದ ಸಿ.ಡಿ. ಪ್ರಕರಣದಲ್ಲಿ ಸಚಿವ ರಮೇಶ ಜಾರಕಿಹೊಳಿ ರಾಜೀನಾಮೆ ಕೊಟ್ಟಿದ್ದರು. ಬೆನ್ನಿಗೇ ಆರು ಸಚಿವರು ತಮ್ಮ ಬಗ್ಗೆ ಮಾನಹಾನಿಕರ ಸುದ್ದಿ ಬಾರದಂತೆ ಕೋರ್ಟಿನಿಂದ ತಡೆಯಾಜ್ಞೆ ತಂದರು. ಆರೋಗ್ಯ ಸಚಿವ ಕೆ. ಸುಧಾಕರ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, 225 ಶಾಸಕರ ಖಾಸಗಿ ಬದುಕೂ ತನಿಖೆಯಾಗಲಿ, ಯಾರು ಏಕಪತ್ನೀವ್ರತಸ್ಥರೆಂದು ಗೊತ್ತಾಗಲಿ ಎಂದು ಸವಾಲು ಹಾಕಿದರು. ಆಮೇಲೆ ಅವರೇ ವಿಷಾದ ವ್ಯಕ್ತಪಡಿಸಿದರು. ಶಿರಸ್ತೇದಾರರು ಸವಾಲನ್ನಷ್ಟೇ ಓದಿದ್ದರು. ಮಾರನೆಯ ಬೆಳಿಗ್ಗೆ ಉದ್ದನೆ ರಿಜಿಸ್ಟರಿನೊಂದಿಗೆ ಪಾರ್ಕಿಗೆ ಬಂದರು. ಅಡಿಪಟ್ಟಿಯಿಟ್ಟು ಗೆರೆ ಎಳೆದಿತ್ತು: ಕ್ರಮಸಂಖ್ಯೆ, ಶಾಸಕರ ಹೆಸರು, ಕ್ಷೇತ್ರ, ಧರ್ಮಪತ್ನಿ, ಇತರೆ, ಷರಾ.

ದಿನಕ್ಕೊಂದು ಜಿಲ್ಲೆಯಂತೆ ನಮೂನೆ ಭರ್ತಿಯಾಯಿತು. ಎದುರು ಪಕ್ಷದವರ "ಇತರೆ" ಕಾಲಂ ಸಾಲದೆ ಬರಹ ಅಂಚಿಗೆ ಹರಿಯಿತು. ತಮ್ಮ ಪಕ್ಷದವರ ಹೆಸರುಗಳ ಮುಂದೆ ಮಾತ್ರ ಒಂದೇ ಷರಾ: "ಖಾಸಗಿ ವಿಷಯ. ಪರಿಶೀಲಿಸುವ ಅಗತ್ಯ ಕಂಡುಬರುವುದಿಲ್ಲ." ಆಧಾರವೇನೆಂದು ಕೇಳಿದವರಿಗೆ, "ಇಡೀ ಊರಿಗೇ ಗೊತ್ತು" ಎಂಬ ಉತ್ತರ ದೊರೆಯಿತು. ಸಕ್ಕರೆ ಇಳಿಸಲೆಂದು ಬಂದವರು ನಡಿಗೆ ಬಿಟ್ಟು ಬೆಂಚಿನ ಸುತ್ತ ನಿಂತರು. ರಿಜಿಸ್ಟರು ಓದುವಾಗ ಯಾರೂ ಎದ್ದುಹೋದದ್ದಿಲ್ಲ. ಬರೆದವರೂ ಹೋಗಲಿಲ್ಲ, ಹಾಸನ ಜಿಲ್ಲೆ ಯಾವಾಗ ಬರುತ್ತದೆಂದು ಕೇಳಿದ್ದೂ ಉಂಟು.

ಕಟ್ಟೆಯ ಈ ತೀರ್ಪು ಮತಯಂತ್ರವನ್ನು ತಲುಪುವುದು ಅಪರೂಪ. 2012ರ ಫೆಬ್ರುವರಿಯಲ್ಲಿ, ಸದನದಲ್ಲಿ ಕೂತು ಮೊಬೈಲಿನಲ್ಲಿ ಅಶ್ಲೀಲ ದೃಶ್ಯ ನೋಡಿದರೆಂಬ ಆರೋಪದ ಮೇಲೆ ಮೂವರು ಸಚಿವರು ರಾಜೀನಾಮೆ ಕೊಟ್ಟರು. ಅವರಲ್ಲಿ ಲಕ್ಷ್ಮಣ ಸವದಿ ಮರುವರ್ಷವೇ ಅಥಣಿಯಲ್ಲಿ ಗೆದ್ದರು. 2018ರಲ್ಲಿ ಸೋತರೂ 2019ರಲ್ಲಿ ಉಪಮುಖ್ಯಮಂತ್ರಿಯಾದರು. ಜಾರಕಿಹೊಳಿಯವರು 2023ರಲ್ಲಿ ಗೋಕಾಕದಿಂದ ಮತ್ತೆ ಆರಿಸಿಬಂದರು. ಮತ ಹಾಕುವ ಹೊತ್ತಿಗೆ ಶೀಲಪರೀಕ್ಷಕನೂ ಜಾತಿ ನೋಡುತ್ತಾನೆ, ಪಕ್ಷ ನೋಡುತ್ತಾನೆ. "ನಡತೆ ಸರಿಯಿಲ್ಲ, ಒಪ್ಪಿದೆ. ಆದರೂ ನಮ್ಮೋನು" ಎಂಬುದು ಶಿರಸ್ತೇದಾರರ ಅಂತಿಮ ಆದೇಶ.

ಈ ವಿಷಯದಲ್ಲಿ ದೇಶಕ್ಕೊಂದು ಪದ್ಧತಿ. ಬ್ರಿಟನ್ನಿನ ಯುದ್ಧ ಸಚಿವ ಜಾನ್ ಪ್ರೊಫ್ಯೂಮೊ 1963ರಲ್ಲಿ ಕುರ್ಚಿ ಬಿಟ್ಟದ್ದು ಕ್ರಿಸ್ಟೀನ್ ಕೀಲರ್ ಜೊತೆಗಿನ ಸಂಬಂಧದ ಬಗ್ಗೆ ಸಂಸತ್ತಿಗೆ ಸುಳ್ಳು ಹೇಳಿದ್ದನ್ನು ಒಪ್ಪಿಕೊಂಡು. ಫ್ರಾನ್ಸಿನ ಮಾಜಿ ಅಧ್ಯಕ್ಷ ಮಿತ್ತರಾಂ ಅವರ 1996ರ ಅಂತ್ಯಸಂಸ್ಕಾರದಲ್ಲಿ ಪತ್ನಿಯೂ ಇದ್ದರು, ವಿವಾಹದಾಚೆ ಹುಟ್ಟಿದ ಮಗಳೂ ಇದ್ದಳು. ಇದನ್ನು ಕೇಳಿ ಶಿರಸ್ತೇದಾರರು "ಫ್ರಾನ್ಸಿನವರು ಬಿಡಿ ಸ್ವಾಮಿ" ಎಂದರು. ಧ್ವನಿಯಲ್ಲಿ ತಿರಸ್ಕಾರಕ್ಕಿಂತ ನಿಟ್ಟುಸಿರೇ ಜಾಸ್ತಿಯಿತ್ತು.

ಭಾರತದಲ್ಲಿ ಗೆರೆ ಆಗಲೇ ಎಳೆದಿದೆ. ಸಾರ್ವಜನಿಕ ಚಟುವಟಿಕೆಗೆ ಸಂಬಂಧಿಸದ ಖಾಸಗಿ ಬದುಕನ್ನು ಟೀಕಿಸಬಾರದೆಂದು ಚುನಾವಣೆಯ ಮಾದರಿ ನೀತಿಸಂಹಿತೆ ಪಕ್ಷಗಳಿಗೂ ಅಭ್ಯರ್ಥಿಗಳಿಗೂ ಹೇಳುತ್ತದೆ. ಎದುರಾಳಿಯ ನಡತೆಯ ಬಗ್ಗೆ ಸುಳ್ಳೆಂದು ಗೊತ್ತಿದ್ದೂ ಪ್ರಚಾರ ಮಾಡುವುದು 1951ರ ಜನಪ್ರತಿನಿಧಿ ಕಾಯ್ದೆಯ 123(4)ನೇ ಸೆಕ್ಷನ್ ಪ್ರಕಾರ ಭ್ರಷ್ಟ ಆಚರಣೆ; ಗೆದ್ದ ಚುನಾವಣೆಯೂ ಅದರಿಂದ ರದ್ದಾಗಬಹುದು. ಕಲ್ಲುಬೆಂಚಿಗೆ ನೀತಿಸಂಹಿತೆ ಅನ್ವಯಿಸುವುದಿಲ್ಲ. ಗೆರೆಯ ಆಚೆಗೂ ಮುಖ್ಯವಾದದ್ದು ಒಂದಿದೆ. ಹಾಸನದ ಮಾಜಿ ಸಂಸದ ಪ್ರಜ್ವಲ್ ರೇವಣ್ಣ ಅವರಿಗೆ 2025ರ ಆಗಸ್ಟ್‌ನಲ್ಲಿ ಅತ್ಯಾಚಾರ ಪ್ರಕರಣದಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಜೀವಾವಧಿ ಶಿಕ್ಷೆ ವಿಧಿಸಿತು. ಅಂಥದ್ದು "ಖಾಸಗಿ ವಿಷಯ"ವಲ್ಲ, ಅಪರಾಧ. ಶಿರಸ್ತೇದಾರರ ರಿಜಿಸ್ಟರಿನಲ್ಲಿ ಅಷ್ಟೊಂದು ಕಾಲಂಗಳಿದ್ದೂ, "ಇತರೆ"ಯಲ್ಲಿ ಬರೆದ ಹೆಂಗಸು ಒಪ್ಪಿದ್ದಳೇ ಎಂದು ಕೇಳುವ ಕಾಲಂ ಇರಲಿಲ್ಲ.

ಹಾಗೆಂದು ಶಿರಸ್ತೇದಾರರನ್ನು ತಳ್ಳಿಹಾಕುವಂತಿಲ್ಲ. ಸರ್ವೀಸಿನುದ್ದಕ್ಕೂ ಕಚೇರಿಯಲ್ಲಿ ಇನ್ನೊಬ್ಬರ ದುಡ್ಡಿನ ಕಾಫಿ ಕುಡಿಯದವರು. ಚುನಾವಣೆಯ ಹಿಂದಿನ ರಾತ್ರಿ ಮನೆಬಾಗಿಲಿಗೆ ಬಂದ ಕುಕ್ಕರನ್ನು, ತಂದವನು "ನಮ್ಮೋನು" ಎಂದು ಗೊತ್ತಿದ್ದೂ, ಬೈದು ವಾಪಸು ಕಳಿಸಿದವರು. ಬೆಳಿಗ್ಗೆ ಏಳಕ್ಕೆ ಮತಗಟ್ಟೆಯ ಸಾಲಿನಲ್ಲಿ ಮೊದಲಿಗರು. 1956ರಲ್ಲಿ ಅರಿಯಲೂರು ರೈಲು ಅಪಘಾತಕ್ಕೆ ಹೊಣೆ ಹೊತ್ತು ಲಾಲ್ ಬಹದ್ದೂರ್ ಶಾಸ್ತ್ರಿ ರಾಜೀನಾಮೆ ಕೊಟ್ಟದ್ದನ್ನು ಹೇಳುವಾಗ ಅವರ ಹಿಡಿತ ತಾನೇ ಸಡಿಲವಾಗುತ್ತದೆ. ಮೊಮ್ಮಕ್ಕಳಿಗೆ ತೋರಿಸಲು ಒಬ್ಬ ಮನುಷ್ಯ ಬೇಕೆಂಬುದು ಅವರ ಆಸೆ. ಅದು ಸಿಗದ ಸಿಟ್ಟೇ ರಿಜಿಸ್ಟರಾಯಿತೇನೋ. ಮಗಳಿಗೆ ವರ ನೋಡುವಂತೆ ಅವರು ಅಭ್ಯರ್ಥಿಯನ್ನು ನೋಡುತ್ತಾರೆ. ವರ ಮನೆಗೆ ಬರುವವನು, ಅಭ್ಯರ್ಥಿ ಖಜಾನೆಗೆ ಹೋಗುವವನು ಎಂಬ ವ್ಯತ್ಯಾಸ ಅವರಿಗೆ ಹೊಳೆದಿಲ್ಲ.

ಖಜಾನೆಗೆ ಹೋಗುವವನ ವಿವರಗಳಿಗೆ ಸರ್ಕಾರದ್ದೇ ರಿಜಿಸ್ಟರಿದೆ. ಸುಪ್ರೀಂ ಕೋರ್ಟಿನ 2002 ಮತ್ತು 2003ರ ತೀರ್ಪುಗಳಿಂದಾಗಿ ಪ್ರತಿ ಅಭ್ಯರ್ಥಿಯೂ ತನ್ನ ಮೇಲಿನ ಕ್ರಿಮಿನಲ್ ಮೊಕದ್ದಮೆ, ಆಸ್ತಿ, ಸಾಲ, ವಿದ್ಯಾಭ್ಯಾಸ ಎಲ್ಲವನ್ನೂ ನಮೂನೆ 26ರ ಅಫಿಡವಿಟ್‌ನಲ್ಲಿ ಬರೆದುಕೊಡಬೇಕು. ಅದರ ಪ್ರತಿಯೊಂದನ್ನು ಶಿರಸ್ತೇದಾರರ ಕೈಗಿಟ್ಟಾಗ ಅವರು ಕನ್ನಡಕ ಏರಿಸಿ ನೇರವಾಗಿ ಪತ್ನಿಯ ಕಾಲಂಗೆ ಹೋದರು. ಮೊಕದ್ದಮೆಗಳ ಪುಟ ಮಡಿಸಿದ ಹಾಗೇ ಉಳಿಯಿತು.

ಈ ಅಫಿಡವಿಟ್ ಚುನಾವಣಾ ಆಯೋಗದ ಜಾಲತಾಣದಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ಮತಗಟ್ಟೆಗೆ ಹೊರಡುವ ಮುಂಚೆ ಎಲ್ಲರೂ ಅದನ್ನೊಮ್ಮೆ ಓದಬೇಕು, ಪತ್ನಿಯ ಕಾಲಂ ಕೊನೆಗೆ.