ಚಟ್ನಿ ಹೊತ್ತಿನ ಅಲಾರಂ

ಗುಂಡ್ಲುಪೇಟೆಯಲ್ಲಿ ದುಡ್ಡು ಕಳೆಯಲು ಮರ್ಯಾದಸ್ಥ ದಾರಿಗಳು ಬೇಕಾದಷ್ಟಿವೆ. ಟೊಮೇಟೊ ಹಾಕಿ ರೇಟು ಕಾಯಬಹುದು. ಸಣ್ಣ ಈರುಳ್ಳಿ ಹಾಕಿ ಮಳೆ ಕಾಯಬಹುದು. ಈ ಯಜಮಾನರು ಅವೆರಡನ್ನೂ ಬಿಟ್ಟು, ಈರುಳ್ಳಿ ಹರಡುತ್ತಿದ್ದ ಕೋಣೆಯನ್ನು ಖಾಲಿ ಮಾಡಿಸಿ, ಟೇಬಲ್ಲಿನ ಮೇಲೆ ಕೂರುವಂಥ ಪುಟ್ಟದೊಂದು ಮಿಲ್ಲಿಂಗ್ ಮಿಷಿನ್ ತಂದಿಟ್ಟರು. ಅಷ್ಟಕ್ಕೇ ನಿಂತಿದ್ದರೆ ಊರು ಕ್ಷಮಿಸುತ್ತಿತ್ತು. ಕೈಯಲ್ಲಿ ತಿರುಗಿಸುವ ಆ ಮಿಷಿನ್ನನ್ನು ಕಂಪ್ಯೂಟರಿನ ಕೈಗೆ ಕೊಡುತ್ತೇನೆಂದು ಹೊರಟರು.

ಕಾಗದದ ಮೇಲೆ ಕೆಲಸ ಬಹಳ ಸುಲಭ. ಮಿಷಿನ್ನಿಗೆ ಮೂರು ಹ್ಯಾಂಡಲ್. ಒಂದು ಬೆಡ್ಡನ್ನು ಎಡಬಲಕ್ಕೆ ಸರಿಸುತ್ತದೆ, ಇನ್ನೊಂದು ಹಿಂದೆ ಮುಂದೆ, ಮೂರನೆಯದು ಕಟ್ಟರನ್ನು ಮೇಲೆ ಕೆಳಗೆ. ಮೂರನ್ನೂ ಬಿಚ್ಚಿ ಮೂರು ಸ್ಟೆಪ್ಪರ್ ಮೋಟರ್ ಕೂರಿಸಿದರಾಯಿತು. ಸಾಮಾನ್ಯ ಸ್ಟೆಪ್ಪರ್ ಒಂದು ಸುತ್ತಿಗೆ 200 ಹೆಜ್ಜೆ ಹಾಕುತ್ತದೆ. ಡ್ರೈವರ್ ಬೋರ್ಡಿನಲ್ಲಿ ಒಂದೊಂದನ್ನೂ ಎಂಟಾಗಿ ಸೀಳಿದರೆ 1600. ಸ್ಕ್ರೂ ಸುತ್ತಿಗೆ 5 ಮಿಲಿಮೀಟರ್ ಸರಿಯುವುದಾದರೆ ಮಿಲಿಮೀಟರಿಗೆ 320 ಹೆಜ್ಜೆ. ಈ 320 ಎಂಬ ಅಂಕಿಯನ್ನು ಯಜಮಾನರು ಹಾಲು ಹಾಕಲು ಬಂದವನಿಗೂ ವಿವರಿಸಿದ್ದಾರೆ.

ಅವರನ್ನು ಸಮರ್ಥಿಸಲು ಇತಿಹಾಸವೂ ಇದೆ. ಹೆಲಿಕಾಪ್ಟರ್ ರೆಕ್ಕೆ ಮಾಡುತ್ತಿದ್ದ ಜಾನ್ ಪಾರ್ಸನ್ಸ್ ಎಂಬ ಅಮೆರಿಕನ್ನನ ತಲೆಯಲ್ಲಿ ಈ ಹುಳ ಮೊದಲು ಹೊಕ್ಕಿತು. 1949ರಲ್ಲಿ ಅಲ್ಲಿನ ವಾಯುಪಡೆ ದುಡ್ಡು ಕೊಟ್ಟಿತು. 1952ರಲ್ಲಿ ಎಂಐಟಿಯವರು ಸಿನ್ಸಿನಾಟಿ ಕಂಪನಿಯ ಮಿಲ್ಲಿಂಗ್ ಮಿಷಿನ್ನೊಂದಕ್ಕೆ ಮೋಟರ್ ಕಟ್ಟಿ, ತೂತು ಕೊರೆದ ಟೇಪಿನಿಂದ ಓಡಿಸಿ ತೋರಿಸಿದರು. ಅಂದರೆ ಇಂಥ ಮೊದಲ ಯಂತ್ರವೇ ಇದ್ದ ಮಿಷಿನ್ನಿಗೆ ಮಾಡಿದ ರಿಪೇರಿ! ಬೆಂಗಳೂರಿನಲ್ಲಿ ಎಚ್‌ಎಂಟಿ ಹುಟ್ಟಿದ್ದು ಅದರ ಮರುವರ್ಷ. ಆಗ ಬೀರುಗಟ್ಟಲೆ ವಾಲ್ವು, ರಿಲೇ ಬೇಕಾಗಿದ್ದ ಕೆಲಸವನ್ನು 2009ರಲ್ಲಿ ನಾರ್ವೆಯ ಸಿಮೆನ್ ಸ್ವಾಲೆ ಸ್ಕಾಗ್ಸೆತ್ ‘ಜಿಆರ್‌ಬಿಎಲ್’ ಎಂಬ ಪುಕ್ಕಟೆ ಪ್ರೋಗ್ರಾಂ ಬರೆದು, ಅಂಗೈಯಗಲದ ಆರ್ಡುಯಿನೊ ಬೋರ್ಡಿಗೆ ಇಳಿಸಿದರು. ಅದೇ ವರ್ಷ ಬಂಡೀಪುರದ ರಸ್ತೆಗಳಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ನಿಷೇಧ ಬಂದು ಗುಂಡ್ಲುಪೇಟೆಯ ರಾತ್ರಿಗಳು ಸ್ವಲ್ಪ ತಣ್ಣಗಾಗಿದ್ದವು. ಈಗ ಸ್ಟೆಪ್ಪರ್ ಮೋಟರುಗಳ ಕುಂಯ್ಗುಡುವಿಕೆ ಆ ಕೊರತೆ ನೀಗಿಸಿದೆ.

ಮಿಷಿನ್ನಿನ ಹಳೆಯ ಸ್ಕ್ರೂಗಳ ಜಾಗಕ್ಕೆ ಬಾಲ್ ಸ್ಕ್ರೂಗಳು ಕೊಯಮತ್ತೂರಿನಿಂದ, ದಿಂಬಂ ಘಾಟಿಯ 27 ತಿರುವು ಹತ್ತಿ, ಚಾಮರಾಜನಗರದ ಮೇಲೆ ಬಂದವು. ಕೊಯಮತ್ತೂರು ವೆಟ್ ಗ್ರೈಂಡರಿಗೆ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಇದೆ. ಯಜಮಾನಿತಿ ಅಲ್ಲಿಂದ ತರಿಸಲು ಹೇಳಿದ್ದು ಅದನ್ನು. ಡಬ್ಬ ಬಿಚ್ಚಿದಾಗ ನಡೆದ ಮಾತುಕತೆ ಇಲ್ಲಿ ಬೇಡ.

ಹಳೆಯ ಸ್ಕ್ರೂವನ್ನೇ ಯಾಕೆ ಇಟ್ಟುಕೊಳ್ಳಲಿಲ್ಲ? ಮೊದಲು ಇಟ್ಟುಕೊಂಡೇ ನೋಡಿದ್ದು. ದುಂಡಗೆ ಕೊರೆ ಎಂದರೆ ಮಿಷಿನ್ ಕೊರೆದದ್ದು, ಅವಸರದಲ್ಲಿ ತಟ್ಟಿದ ನಿಪ್ಪಟ್ಟಿನಂಥದ್ದನ್ನು. ಸ್ಕ್ರೂ ಮತ್ತು ನಟ್ಟಿನ ನಡುವೆ ಕೂದಲೆಳೆಯಷ್ಟು ಪ್ಲೇ ಇರುತ್ತದೆ. ದಿಕ್ಕು ಬದಲಿಸಿದಾಗ ಆ ಪ್ಲೇ ಮುಗಿಯುವ ತನಕ ಸ್ಕ್ರೂ ತಿರುಗುತ್ತದೆ, ಬೆಡ್ಡು ಕದಲುವುದಿಲ್ಲ. ವೃತ್ತ ಕೊರೆಯುವಾಗ ನಾಲ್ಕು ಕಡೆ ದಿಕ್ಕು ಬದಲಾಗುತ್ತದೆ. ನಾಲ್ಕೂ ಕಡೆ ಒಂದೊಂದು ಗಾಯ.

ಚಾಮರಾಜನಗರದಲ್ಲಿ ಲೇತ್ ಶಾಪ್ ನಡೆಸಿ ಈಗ ಬಾಗಿಲು ಹಾಕಿರುವ ಹಿರಿಯ ಟರ್ನರೊಬ್ಬರು ಇದನ್ನು ನೋಡಿ ನಗಲಿಲ್ಲ. ಬಿಚ್ಚಿಟ್ಟಿದ್ದ ಹ್ಯಾಂಡಲನ್ನು ವಾಪಸ್ ಸಿಕ್ಕಿಸಿ, ಅಳತೆ ದಾಟಿ ಅರ್ಧ ಸುತ್ತು ಹಿಂದಕ್ಕೆ ಹೋಗಿ, ಮತ್ತೆ ಒಂದೇ ಕಡೆಯಿಂದ ಮೆಲ್ಲಗೆ ಗೆರೆಗೆ ಬಂದರು. ಅಳತೆ ಕರೆಕ್ಟು. ಕರಿಕಲ್ಲಿನ ಫ್ಯಾಕ್ಟರಿಗಳ ಪಾಲಿಷ್ ಮಿಷಿನ್ನಿಗೆ ಬುಷ್ಷು, ಶಾಫ್ಟು ಮಾಡಿಕೊಟ್ಟ ಕೈ ಅದು. ಸವೆದ ಮಿಷಿನ್ನಿನ ದೋಷವನ್ನೆಲ್ಲ ಜೀವಮಾನವಿಡೀ ಅವರ ಮಣಿಕಟ್ಟು ನುಂಗಿಕೊಂಡಿತ್ತು. ಕೂಲಿ ಬಿಲ್ಲಿನಲ್ಲಿ ಅದಕ್ಕೊಂದು ಸಾಲು ಇರಲಿಲ್ಲ. ಅವರ ಮಗ ನಂಜನಗೂಡಿನ ಕಡೆ ಫ್ಯಾಕ್ಟರಿಯಲ್ಲಿ ಕಂಪ್ಯೂಟರ್ ಓಡಿಸುವ ಮಿಷಿನ್ನಿನ, ಅಂದರೆ ಸಿಎನ್‌ಸಿ ಆಪರೇಟರ್, ಕಾಂಟ್ರ್ಯಾಕ್ಟಿನ ಮೇಲೆ. ಬಾಗಿಲು ಮುಚ್ಚಿ ಬಟನ್ ಒತ್ತುವ ಕೆಲಸ. “ಅವ್ನು ಲೇತ್ ಹಿಡಿ ಮುಟ್ಟೇ ಇಲ್ಲ ಕನಣ್ಣ” ಎಂದು ಹೇಳಿ ಟೀ ಕುಡಿದು ಬಸ್ ಹತ್ತಿದರು.

ಬಾಲ್ ಸ್ಕ್ರೂ ಹಾಕಿದ ಮೇಲೆ ವೃತ್ತ ವೃತ್ತವಾಯಿತು. ನೋಡಲು ಬಂದವರು ಮಾತ್ರ ಬದಲಾಗಲಿಲ್ಲ. “ಇದ್ರಿಂದ ಯಾನ ಉಪ್ಯೋಗ?” ಎಂದು ಒಬ್ಬರು, “ರೆಡಿಮೇಡೇ ತಗಂಡಿದ್ರೆ ಅಗ್ಗವಾಗ್ತಿತ್ತಲ್ಲ” ಎಂದು ಬೆಂಗಳೂರಿನಿಂದ ಬಂದ ಅಳಿಯ. ಎರಡನೆಯ ಪ್ರಶ್ನೆ ಕೇಳುವವರಿಗೆ ಕಾಫಿ ಕೊಡಬಾರದೆಂಬುದು ಯಜಮಾನರ ಖಚಿತ ನಿಲುವು.

ಆದರೆ ಮಿಷಿನ್ ದಿನಾ ಬೆಳಗ್ಗೆ ಎಂಟರ ಸುಮಾರಿಗೆ ನಿಂತುಬಿಡುತ್ತಿತ್ತು. ಪರದೆಯ ಮೇಲೆ ‘ಅಲಾರಂ 1’. ಬೆಡ್ಡು ಅಂಚಿಗೆ ಹೋಗಿ ಲಿಮಿಟ್ ಸ್ವಿಚ್ಚಿಗೆ ಬಡಿಯಿತು ಎಂದು ಅದರರ್ಥ. ಬೆಡ್ಡು ನೋಡಿದರೆ ನಟ್ಟನಡುವೆ ಹಾಯಾಗಿ ಕೂತಿದೆ. ಸ್ವಿಚ್ ಬದಲಾಯಿಸಿದರು, ನಿಂತಿತು. ಪ್ರೋಗ್ರಾಂ ಮತ್ತೆ ಹಾಕಿದರು, ನಿಂತಿತು. ಲ್ಯಾಪ್‌ಟಾಪ್ ಎರವಲು ತಂದರು, ಅದರಲ್ಲೂ ನಿಂತಿತು. ಬೋರ್ಡಿಗೆ ಅರಿಶಿನ ಕುಂಕುಮ ಇಟ್ಟದ್ದೂ ಉಂಟು, ಆಯುಧಪೂಜೆ ಇನ್ನೂ ದೂರವಿದ್ದಾಗ. ಕೊನೆಗೆ ಒಂದು ದಿನ, ಅಲಾರಂ ಬಂದ ಗಳಿಗೆಯಲ್ಲೇ ಗೋಡೆಯಾಚೆ ಗರ್ರ್ ಎಂದಿತು. ನಿಂತಿತು. ಮತ್ತೆ ಗರ್ರ್. ಯಜಮಾನರು ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತು, ಪತ್ತೇದಾರನ ದನಿಯಲ್ಲಿ ಕೇಳಿದರು: “ಇನ್ನೊಂದ್ಸಲ ತಿರುಗಿಸು.”

“ಚಟ್ನಿ ನುಣ್ಣಗಾಗಿದೆ.”

“ಆದ್ರೂ ತಿರುಗಿಸು.”

ಖಾಲಿ ಜಾರು ತಿರುಗಿತು. ಕೋಣೆಯಲ್ಲಿ ಅಲಾರಂ ಕೂಗಿತು. ಮಿಕ್ಸಿ ಮೋಟರಿನ ಕಾರ್ಬನ್ ಬ್ರಷ್ಷುಗಳು ಕಿಡಿ ಹಾರಿಸುತ್ತವೆ. ಆ ಕಿಡಿಯ ಗದ್ದಲ ಮನೆಯ ವೈರಿನಲ್ಲಿ ಹರಿದು, ಲಿಮಿಟ್ ಸ್ವಿಚ್ಚಿನ ಉದ್ದನೆಯ ತಂತಿಗೆ ಹತ್ತಿ, ‘ಅಂಚು ಬಂತು’ ಎಂದು ಬೋರ್ಡಿಗೆ ಸುಳ್ಳು ಹೇಳುತ್ತದೆ. ತೆಂಗಿನಕಾಯಿ ಚಟ್ನಿಗೆ ಒಂದು ಅಲಾರಂ, ಹುಚ್ಚೆಳ್ಳು ಚಟ್ನಿಪುಡಿಗೆ ಎರಡು. ಯಜಮಾನರು ಶೀಲ್ಡ್ ಕೇಬಲ್ ಎಳೆದು, ಒಂದೇ ತುದಿಗೆ ಅರ್ಥ್ ಕೊಟ್ಟು, ಕೆಪ್ಯಾಸಿಟರ್ ಬೆಸೆದು ಕಾದರು.

ಅಷ್ಟರಲ್ಲಿ ಮಿಕ್ಸಿ ಜಾರಿನ ಕಪ್ಲರ್ ಹಲ್ಲು ಸವೆದುಹೋಯಿತು. ಪೇಟೆಯಲ್ಲಿ ನೂರರ ನೋಟು ಮುರಿಸಿದರೆ ಚಿಲ್ಲರೆ ಸಮೇತ ಸಿಗುವ ಸಾಮಾನು. ಯಜಮಾನರು ಪೇಟೆಗೆ ಹೋಗಗೊಡಲಿಲ್ಲ. ನೈಲಾನ್ ತುಂಡು ಕಚ್ಚಿಸಿ ಪ್ರೋಗ್ರಾಂ ಓಡಿಸಿದರು. ಬೆಳಗ್ಗೆ ಎಂಟು ದಾಟಿತು, ಒಂಬತ್ತಾಯಿತು, ಅಲಾರಂ ಇಲ್ಲ. ಕಪ್ಲರ್ ಸೊಗಸಾಗಿ ಹೊರಬಂತು. ಶೀಲ್ಡ್ ಕೇಬಲ್ಲಿನ ಮಹಿಮೆಯನ್ನು ಅವರು ಮೂರು ಜನಕ್ಕೆ ಫೋನಿನಲ್ಲಿ ಹೇಳಿದರು. ಅಂದು ಮನೆಯಲ್ಲಿ ಮಿಕ್ಸಿಯೇ ಓಡಿರಲಿಲ್ಲ ಎಂಬುದು ಮೂವರಿಗೂ ಹೊಳೆಯಲಿಲ್ಲ.

ಕಪ್ಲರ್ ಕೂತಿತು, ಜಾರು ತಿರುಗಿತು. ಯಜಮಾನಿತಿಗೆ ನಿಜವಾಗಿ ಖುಷಿಯಾಗಿ, “ಇನ್ನೊಂದು ಮಾಡಿಡಿ, ಎಕ್ಸ್‌ಟ್ರಾ ಇರಲಿ” ಎಂದರು. ಮರುದಿನ ಎರಡನೆಯದು ಮುಕ್ಕಾಲು ಕೊರೆದಿತ್ತು. ಗೋಡೆಯಾಚೆ, ಹೊಸ ಕಪ್ಲರಿನ ಬಲದಲ್ಲಿ, ಮಿಕ್ಸಿ ಹಿಂದೆಂದೂ ಇಲ್ಲದ ಹುರುಪಿನಿಂದ ಗರ್ರ್ ಎಂದಿತು.

ಈಗ ಎರಡು ಕೋಣೆಗೂ ಸೇರಿ ಒಂದು ಟೈಂಟೇಬಲ್ ಇದೆ. ಅಕ್ಷರ ಯಜಮಾನಿತಿಯದು. ಬೆಳಗ್ಗೆ ಹತ್ತಕ್ಕೆ ಮೊದಲು ಮಿಷಿನ್ ಮುಟ್ಟುವಂತಿಲ್ಲ, ಹಬ್ಬದ ದಿನ ಪೂರ್ತಿ ರಜ. ಯಜಮಾನರು ಮಿಕ್ಸಿಗೇ ಒಂದು ನಾಯ್ಸ್ ಫಿಲ್ಟರ್ ಕಟ್ಟುವ ಆಲೋಚನೆಯಲ್ಲಿದ್ದಾರೆ. ಮಿಕ್ಸಿ ಬಿಚ್ಚಲು ಅನುಮತಿ ಇನ್ನೂ ಸಿಕ್ಕಿಲ್ಲ.