ಹುಚ್ಚಿಗೊಂದು ಎಂ.ಆರ್.ಪಿ.

ಮನುಷ್ಯನಿಗೆ ಒಂದು ಹವ್ಯಾಸ ಇರಬೇಕು ಅನ್ನುತ್ತಾರೆ. ಇರಲಿ, ಆದರೆ ಅದು ಮನೆಗೆ ಬಂದವರ ಕಣ್ಣಿಗೆ ಬೀಳಬಾರದು. ಬಿದ್ದರೆ ಅವರು ಹೊಗಳಿ ಸುಮ್ಮನೆ ಹೋಗುವುದಿಲ್ಲ. ಈಗಿನ ಕಾಲದ ಹೊಗಳಿಕೆಗೆ ಒಂದು ಬಾಲ ಇರುತ್ತದೆ: "ಇದನ್ನೇ ಯಾಕೆ ಬಿಸಿನೆಸ್ ಮಾಡಬಾರದು ನೀವು?" ನಾಲ್ಕು ದೇವರನಾಮ ಹಾಡಿದರೆ ಕ್ಲಾಸು ತೆರೆಯಬೇಕು, ರಂಗೋಲಿ ಹಾಕಿದರೆ ಯೂಟ್ಯೂಬಿಗೆ ಏರಿಸಬೇಕು, ಮಂಡಿನೋವಿಗೆ ಎಣ್ಣೆ ಕಾಸಿಕೊಂಡರೆ ಸೀಸೆಗೆ ತುಂಬಿ ಮಾರಬೇಕು. ನಮ್ಮ ಬೀದಿಯಲ್ಲಿ ಬಹಳ ಚೆನ್ನಾಗಿ ನಿದ್ದೆ ಮಾಡುವವರೊಬ್ಬರಿದ್ದಾರೆ. ಅವರನ್ನು ಮಾತ್ರ ಇದುವರೆಗೆ ಯಾರೂ ಪೀಡಿಸಿಲ್ಲ.

ನನ್ನದು ಅಪ್ಪೆಮಿಡಿ ಉಪ್ಪಿನಕಾಯಿಯ ಹುಚ್ಚು. ಸಾಗರದ ಕಡೆಯವನಿಗೆ ಇದು ಜಾತಕದಲ್ಲೇ ಇರುತ್ತದೆ ಬಿಡಿ. ಶರಾವತಿ, ವರದಾ, ಅಘನಾಶಿನಿಯ ದಂಡೆಗಳಲ್ಲಿ ಯಾರೂ ನೆಡದೆ, ಯಾರೂ ನೀರೆರೆಯದೆ ಬೆಳೆದ ಮಾವಿನ ಮರಗಳಿವೆ. ಅವುಗಳ ಹಣ್ಣನ್ನು ಕೇಳುವವರಿಲ್ಲ. ಮಿಡಿಗೆ ಮಾತ್ರ ಜನ ಮುಗಿಬೀಳುತ್ತಾರೆ. ಅನಂತಭಟ್ಟನ ಅಪ್ಪೆ, ಮಾಳಂಜಿ ಅಪ್ಪೆ, ಜೀರಿಗೆ ಮಿಡಿ ಎಂದು ಅವಕ್ಕೆ ಹೆಸರುಗಳುಂಟು, ಮನೆತನಗಳುಂಟು. ಈಗ ಭೌಗೋಳಿಕ ಗುರುತಿನ ಸರ್ಕಾರಿ ಮುದ್ರೆಯೂ ಬಿದ್ದಿದೆ. ಮಿಡಿಯನ್ನು ತೊಟ್ಟು ಸಮೇತ ಇಳಿಸಬೇಕು. ನೆಲಕ್ಕೆ ಬಿದ್ದು ಪೆಟ್ಟು ತಿಂದದ್ದು ಭರಣಿಯೊಳಗೆ ಮೆತ್ತಗಾಗಿ, ಜೊತೆಯವನ್ನೂ ಕೆಡಿಸುತ್ತದೆ. ತೊಟ್ಟು ಕಿತ್ತರೆ ಸೊನೆ ಹರಿದು ಹೋಗುತ್ತದೆ. ಪರಿಮಳವೂ ತಾಳಿಕೆಯೂ ಇರುವುದು ಆ ಸೊನೆಯಲ್ಲೇ. ಹರಳುಪ್ಪಿನಲ್ಲಿ ಹಾಕಿಟ್ಟು, ಮಿಡಿ ನನ್ನ ಕೆನ್ನೆಯ ಹಾಗೆ ಸುಕ್ಕಾಗುವವರೆಗೆ ಕಾಯಬೇಕು. ಆಮೇಲೆ ಅದೇ ಉಪ್ಪುನೀರನ್ನು ಕುದಿಸಿ ಆರಿಸಿ, ಸಾಸಿವೆ, ಮೆಣಸಿನಪುಡಿ, ಅರಿಸಿನ ಸೇರಿಸಿ ಕಲೆಸಬೇಕು. ಬಣ್ಣಕ್ಕೆ ಬ್ಯಾಡಗಿ ಮೆಣಸು. ಅದರ ಕೆಂಪು ನೋಡಿ ಹೆದರುವವರು ಹೊರಗಿನವರು. ಆ ಬಣ್ಣದಷ್ಟು ಖಾರ ಅದಕ್ಕಿಲ್ಲ. ಕ್ರಮ ತಪ್ಪದೆ ಮಾಡಿದ್ದು ವರ್ಷಗಟ್ಟಲೆ ಇರುತ್ತದೆ, ಮನೆಯಲ್ಲಿ ಮಕ್ಕಳಿಲ್ಲದಿದ್ದರೆ.

ಗಂಡಸಿನ ಕೈಗೆ ಉಪ್ಪಿನಕಾಯಿ ಒಗ್ಗುವುದಿಲ್ಲ ಎಂದು ನನ್ನ ಅತ್ತೆಯವರ ಸಿದ್ಧಾಂತ. ಆದರೂ ಕೆಲಸದಿಂದ ನಿವೃತ್ತನಾದವನು ಮನೆಯಲ್ಲಿ ಏನಾದರೊಂದು ಕಲೆಸುತ್ತಲೇ ಇರಬೇಕಲ್ಲ. ಮಾತು ಕಲೆಸುವುದಕ್ಕಿಂತ ಮಸಾಲೆ ಕಲೆಸುವುದು ಲೇಸು ಎಂದು ನಮ್ಮನೆಯವಳು ಅನುಮತಿ ಕೊಟ್ಟಳು. ಮಾಡಿದ್ದನ್ನು ಹಂಚುತ್ತಿದ್ದೆ. ಮದುವೆಗೆ ಹೋದರೆ ಉಡುಗೊರೆಯ ಜೊತೆಗೊಂದು ಡಬ್ಬಿ, ಆಸ್ಪತ್ರೆಗೆ ಹೋದರೆ ಹಣ್ಣಿನ ಬದಲು ಒಂದು ಡಬ್ಬಿ. ರಕ್ತದೊತ್ತಡದವರ ಮನೆಯವರು ನನ್ನನ್ನು ಬಾಗಿಲಲ್ಲೇ ಮಾತಾಡಿಸಿ ಕಳಿಸಿದ್ದೂ ಉಂಟು.

ಹೀಗಿರುವಾಗ ಅಣ್ಣನ ಮಗ ಬೆಂಗಳೂರಿಂದ ಬಂದ. ಊಟಕ್ಕೆ ಕೂತು, ಮಿಡಿಯ ತೊಟ್ಟು ಹಿಡಿದು ಚೀಪಿ, ಆ ಬಾಲದ ಪ್ರಶ್ನೆ ಕೇಳಿಯೇ ಬಿಟ್ಟ. ರಾತ್ರಿ ಲ್ಯಾಪ್‌ಟಾಪ್ ತೆರೆದು, "ಚಿಕ್ಕಪ್ಪಾ, ಒಂದು ಬಾಟಲಿಗೆ ಎಷ್ಟು ಬೀಳುತ್ತೆ ಹೇಳು, ಬರ್ಕೊಳ್ತೀನಿ" ಅಂದ. ಮಿಡಿ, ಉಪ್ಪು, ಮೆಣಸು, ಸಾಸಿವೆ, ಬಾಟಲಿ, ಲೇಬಲ್ಲು, ರಟ್ಟಿನ ಪೆಟ್ಟಿಗೆ ಎಲ್ಲ ಹೇಳಿದೆ. ಲಾಭ ನೋಡಿ ನನಗೇ ಗಾಬರಿಯಾಯಿತು; ಇಷ್ಟು ದಿನ ದಾನ ಮಾಡಿ ಹಾಳಾದೆನಲ್ಲ ಅನ್ನಿಸಿತು.

"ನಿನ್ನ ಕೂಲಿ ಎಲ್ಲಿ?" ಅಂದ.

"ನನಗೆಂಥ ಕೂಲಿಯೋ? ನಾನು ಖುಷಿಗೆ ಮಾಡೋದು."

"ಸರಿ, ಚಿಕ್ಕಮ್ಮಂದು?"

ಒಳಗಿಂದ ಉತ್ತರ ಬಂತು: "ಅದನ್ನ ಮೊದಲು ಬರಿಯೋ ಮಾರಾಯ!"

ಬರೆದ. ಉಪ್ಪು ಹಚ್ಚಿದ ದಿನ, ಭರಣಿ ತೊಳೆದು ಬಿಸಿಲಿಗಿಟ್ಟ ದಿನ, ನಾನು ರುಚಿ ನೋಡುವ ನೆವದಲ್ಲಿ ತಿಂದದ್ದು, ಎಲ್ಲ ಸೇರಿಸಿದ. ಲಾಭ ಇದ್ದ ಜಾಗದಲ್ಲಿ ಅದಕ್ಕಿಂತ ಉದ್ದದ ಒಂದು ಸಂಖ್ಯೆ, ಹಿಂದೊಂದು ಮೈನಸ್ ಗುರುತು.

ಅವತ್ತಿನಿಂದ ನನ್ನ ತಲೆಯಲ್ಲಿ ಕೂತಿರುವುದು ಕೂಲಿಯ ಆ ಒಂದು ಸಾಲು. ಖುಷಿಗೆ ಮಾಡುವವರು ಮಾರುಕಟ್ಟೆಯಲ್ಲಿ ಸೋಲುವುದು ಸಾಮಾನು ಕೆಟ್ಟದಾಗಿ ಅಲ್ಲ; ತಮ್ಮ ಕೂಲಿಯನ್ನು ಲೆಕ್ಕಕ್ಕೆ ಹಿಡಿಯಲು ನಾಚಿಕೆಪಟ್ಟು. ಲಿಜ್ಜತ್ ಹಪ್ಪಳ ನೋಡಿ. 1959ರ ಮಾರ್ಚಿನಲ್ಲಿ ಮುಂಬಯಿಯ ಗಿರ್ಗಾಂವ್‌ನ ಒಂದು ಮಹಡಿಯ ಮೇಲೆ ಏಳು ಹೆಂಗಸರು 80 ರೂಪಾಯಿ ಸಾಲ ತಂದು ಹಪ್ಪಳ ಒತ್ತಿದರು. ಮೊದಲ ದಿನ ತಯಾರಾದದ್ದು ನಾಲ್ಕು ಪ್ಯಾಕೆಟ್ಟು. ನಮ್ಮ ಅಜ್ಜಿಯರೂ ಹಪ್ಪಳ ಒತ್ತಿದವರೇ, ಆ ಏಳು ಜನರಿಗಿಂತ ತೆಳ್ಳಗೆ ಒತ್ತಿರಲಿಕ್ಕೂ ಸಾಕು. ಆದರೆ ಅಲ್ಲಿ ಒತ್ತಿದ ಹಪ್ಪಳಕ್ಕೆ ತೂಕದ ಲೆಕ್ಕದಲ್ಲಿ ಒತ್ತಿದವಳ ಕೈಗೇ ಕೂಲಿ ಬಂತು. ನಮ್ಮ ಅಜ್ಜಿಯರಿಗೆ ಸೊಂಟನೋವು ಬಂತು.

ಇನ್ನೊಂದು ಕಡೆ ಗಳಗನಾಥರು. ಹಾವೇರಿ ಸೀಮೆಯ ಆ ಹಿರಿಯರು ಕನ್ನಡಕ್ಕೆ ಕಾದಂಬರಿ ಓದುವ ಚಟ ಹತ್ತಿಸಿದವರು. ಬರೆದರು, ಅಚ್ಚು ಹಾಕಿಸಿದರು, ಸಾಲದ್ದಕ್ಕೆ ಪುಸ್ತಕದ ಗಂಟನ್ನು ಹೊತ್ತು ಊರೂರು ನಡೆದು ಮಾರಿದರು. ಆ ಗಂಟು ಹೊತ್ತದ್ದರ ಕೂಲಿಯನ್ನು ಅವರು ಪುಸ್ತಕದ ಬೆಲೆಗೆ ಸೇರಿಸಿದ್ದರೆ ಯಾರು ಕೊಳ್ಳುತ್ತಿದ್ದರು? ಸೇರಿಸದೆ ಇದ್ದದ್ದರಿಂದ ನಾವು ಓದುವವರಾದೆವು. ಹಾಗಾಗಿ ಕೂಲಿ ಹಿಡಿಯದವರನ್ನು ಪೂರ್ತಿ ಬೈಯುವ ಧೈರ್ಯವೂ ನನಗಿಲ್ಲ.

ಎಂ.ಟಿ.ಆರ್.ನ ಯಜ್ಞನಾರಾಯಣ ಮಯ್ಯರದು ಮೂರನೆಯ ದಾರಿ. ಅಡುಗೆಮನೆಯ ಚೊಕ್ಕಟ ಅವರಿಗೆ ವ್ಯಾಪಾರಕ್ಕಿಂತ ಮಿಗಿಲಾದ ಹುಚ್ಚು. ಗಿರಾಕಿಗಳು ಒಳಗೆ ಬಂದು ನೋಡಬಹುದಿತ್ತು. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಯ ಬೆಲೆ ಇಳಿಸಿದಾಗ ಗುಣ ಇಳಿಸಲು ಒಪ್ಪದೆ, ದಿನದ ನಷ್ಟವನ್ನು ಬೋರ್ಡಿನ ಮೇಲೆ ಬರೆದು ತೂಗುಹಾಕಿದರು. ಕೊನೆಗೆ ಹೋಟೆಲಿಗೆ ಬೀಗ ಬಿತ್ತು. ಕೆಲಸಗಾರರನ್ನು ಸಾಕಲು ಹಿಟ್ಟು, ಪುಡಿಗಳನ್ನು ಪೊಟ್ಟಣ ಕಟ್ಟಿ ಮಾರಿದರು. ಹೋಟೆಲು ಮತ್ತೆ ತೆರೆಯಿತು, ಆದರೆ ಆ ಪೊಟ್ಟಣದ ವ್ಯಾಪಾರ ಹೋಟೆಲನ್ನೇ ಮೀರಿ ಬೆಳೆದು, 2007ರಲ್ಲಿ ನಾರ್ವೆಯ ಕಂಪನಿಯೊಂದು ಅದನ್ನು ಕೊಂಡಿತು. ನಮ್ಮ ಬಿಸಿಬೇಳೆಬಾತಿನ ಲಾಭ ಈಗ ಹಿಮ ಬೀಳುವ ದೇಶಕ್ಕೆ ಹೋಗುತ್ತದೆ. ಅಲ್ಲಿಯವರಿಗೆ ಬೊಂಡಾ ತಿನ್ನುವ ಹವಾಮಾನ ಮೊದಲೇ ಇತ್ತು, ಪಾಪ.

ಎಲ್ಲಿದ್ದೆ? ಹಾಂ, ಮೈನಸ್ ಗುರುತು. ಬೆಲೆ ಏರಿಸಿದೆವು, ಗುರುತು ಹೋಯಿತು. ಆಹಾರ ಸುರಕ್ಷತೆಯ ನೋಂದಣಿ ಮಾಡಿಸಿದೆವು. ಆಗ ವರ್ಷಕ್ಕೆ 12 ಲಕ್ಷದೊಳಗಿನ ವಹಿವಾಟಿನ ಬಡಪಾಯಿಗಳಿಗೆ ಶುಲ್ಕ ನೂರೇ ರೂಪಾಯಿ ಇತ್ತು; 12 ಲಕ್ಷ ಎಂದು ಓದಿದಾಗ ನಮ್ಮನೆಯವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಒಳಗೆ ಹೋದಳು. ಹದಿನಾಲ್ಕು ಅಂಕಿಯ ನಂಬರು ಬಂತು. ಲೇಬಲ್ಲಿನ ಮೇಲೆ ಹಸಿರು ಚುಕ್ಕೆ, ತೂಕ, ತಯಾರಿಸಿದ ದಿನ, ಎಂ.ಆರ್.ಪಿ. ಯಾವುದು ತೂಕದಲ್ಲಿ ಹೆಚ್ಚೋ ಅದರ ಹೆಸರು ಮೊದಲು ಬರೆಯಬೇಕು: ಮಾವಿನಮಿಡಿ, ಉಪ್ಪು, ಮೆಣಸು, ಸಾಸಿವೆ, ಅರಿಸಿನ. ನನ್ನ ಹೆಸರು ಕೊನೆಗೆ, ಸಣ್ಣ ಅಕ್ಷರದಲ್ಲಿ, ತಯಾರಕರು ಎಂದು.

ಮೊದಲ ದೊಡ್ಡ ಪಾರ್ಸೆಲ್ಲು ದಾರಿಯಲ್ಲೇ ಸೋರಿತು. ಸೋರಿದ್ದು ಪಕ್ಕದಲ್ಲಿದ್ದ ಯಾರದೋ ಮದುವೆಯ ಕರೆಯೋಲೆಗಳ ಕಟ್ಟಿನ ಮೇಲೆ. ಕೊರಿಯರಿನವರು ಫೋನಿನಲ್ಲಿ ಸಿಡಿದರು. ಕರೆಯೋಲೆಯ ನಾಲ್ಕು ಮೂಲೆಗೆ ಅರಿಸಿನ ಹಚ್ಚುವುದು ನಮ್ಮ ಪದ್ಧತಿಯೇ ಅಲ್ಲವೇ, ಜೊತೆಗೆ ಸ್ವಲ್ಪ ಸಾಸಿವೆ ಬಿದ್ದಿದೆ, ಶುಭವೇ ಅಂದೆ. ಅತ್ತ ಕಡೆಯವರಿಗೆ ಹಾಸ್ಯಪ್ರಜ್ಞೆ ಇರಲಿಲ್ಲ. ಕರೆಯೋಲೆಗಳನ್ನು ಮತ್ತೆ ಅಚ್ಚು ಹಾಕಿಸಿಕೊಟ್ಟೆವು. ಅದೂ ಲೆಕ್ಕದಲ್ಲಿ ಸೇರಿತು. ಮದುವೆ ಮನೆಯವರು ಮಾತ್ರ ಆಮೇಲೆ ಫೋನ್ ಮಾಡಿ, "ವಾಸನೆ ಬಹಳ ಚೆನ್ನಾಗಿತ್ತು, ಊಟಕ್ಕೆ ಕಳಿಸ್ತೀರಾ?" ಎಂದು ಕೇಳಿದರು. ನನ್ನ ಈವರೆಗಿನ ಅತಿ ದೊಡ್ಡ ಆರ್ಡರು ಅದೇ.

ನಿಜವಾದ ಕಷ್ಟ ಬಂದದ್ದು ಮುಂದಿನ ವರ್ಷ. ಗಿರಾಕಿಗಳೆಲ್ಲ "ಹೋದ ಸಲದ್ದೇ ಕೊಡಿ" ಅಂದರು. ಎಲ್ಲಿಂದ ಕೊಡಲಿ? ಹೋದ ಸಲದ ಮರ ಈ ಸಲ ವಿಶ್ರಾಂತಿಯಲ್ಲಿದೆ. ಮಾವು ಒಂದು ವರ್ಷ ಬಿಟ್ಟು ಒಂದು ವರ್ಷ ಕಾಯುವ ಜಾತಿ. ಹೂವಿನ ಹೊತ್ತಿಗೆ ಮೋಡ ಮುಚ್ಚಿದರೆ ಅದೂ ಇಲ್ಲ. ಪಕ್ಕದ ಮರದ್ದು ಹಾಕಿದರೆ ಪರಿಮಳವೇ ಬೇರೆ. ನನಗೆ ಇಷ್ಟು ವರ್ಷ ಖುಷಿ ಕೊಟ್ಟದ್ದು ಈ ಬೇರೆಬೇರೆತನವೇ: ಈ ವರ್ಷ ಜೀರಿಗೆಯ ಘಮ, ಮುಂದಿನ ವರ್ಷ ಬರೀ ಹುಳಿ, ಆಮೇಲೊಮ್ಮೆ ಏನೆಂದು ಹೇಳಲಾಗದ ಒಂದು ರುಚಿ. ಗಿರಾಕಿಗೆ ಬೇಕಾದದ್ದು ಎಲ್ಲ ವರ್ಷವೂ ಒಂದೇ ರುಚಿ. ಹುಚ್ಚಿಗೂ ವ್ಯಾಪಾರಕ್ಕೂ ಜಗಳ ಇರುವುದು ಇಲ್ಲಿ. ದುಡ್ಡಿನದು ಅದರ ಮುಂದೆ ಸಣ್ಣ ತಕರಾರು. ಅಣ್ಣನ ಮಗ ಇದಕ್ಕೂ ಒಂದು ಉಪಾಯ ಹೇಳಿದ: ಬಾಟಲಿಯ ಮೇಲೆ ಮರದ ಹೆಸರು ಹಾಕು, ಲಿಮಿಟೆಡ್ ಎಡಿಷನ್ ಅನ್ನು, ಇನ್ನೂ ಜಾಸ್ತಿ ಬೆಲೆ ಹೇಳು. ಹೇಳಿದೆ. ಹೋಯಿತು! ಮರ ಕಾಯಿ ಬಿಡದೆ ಇದ್ದದ್ದಕ್ಕೂ ಬೆಲೆ ಕಟ್ಟಬಹುದೆಂದು ಯಾವ ಅಜ್ಜಿಗೂ ಹೊಳೆದಿರಲಿಲ್ಲ.

ಹಾಗಾದರೆ ಇಷ್ಟದ ಕೆಲಸವನ್ನು ದಂಧೆ ಮಾಡಿಕೊಳ್ಳಬಹುದೇ ಎಂದು ಕೇಳುತ್ತೀರಿ. ಮಾಡಿಕೊಳ್ಳಿ. ಕೂಲಿಯ ಸಾಲನ್ನು ಮೊದಲು ಬರೆಯಿರಿ, ಮನೆಯವರ ಕೂಲಿಯನ್ನು ಅದಕ್ಕೂ ಮೊದಲು. ಮುಚ್ಚಳದ ವಿಚಾರದಲ್ಲಿ ಜಿಪುಣತನ ಬೇಡ. ನಷ್ಟವಾದರೆ ಹವ್ಯಾಸ ಅನ್ನಿ, ಲಾಭವಾದರೆ ಉದ್ಯಮ ಅನ್ನಿ. ನಾನು ಎರಡನ್ನೂ ವರ್ಷ ಬಿಟ್ಟು ವರ್ಷ ಹೇಳುತ್ತಿದ್ದೇನೆ. ಈ ಸಲ ಹೊಳೆದಂಡೆಯ ಮರಗಳಲ್ಲಿ ಹೂವು ಕಡಿಮೆ. ಬೇಕಾದವರು ಶಿವರಾತ್ರಿಯೊಳಗೆ ತಿಳಿಸಿ, ಅರ್ಧ ಮುಂಗಡ. ನೆಂಟರಿಗೂ ಅದೇ ರೇಟು.